ಕಾಸು ಕೊಟ್ಟು ಕಾವಲಿಡಬೇಕೇ?

ಶಿವಗಂಗೆ ಬೆಟ್ಟದ ಬುಡದಲ್ಲಿ ನನ್ನ ನೆರೆಮನೆ ನಿವೃತ್ತ ಮೇಷ್ಟ್ರದ್ದು. ನಡುಮನೆಯಲ್ಲಿ 2016ರಲ್ಲಿ ಕೊಂಡ ಕಂಪ್ಯೂಟರ್ ಇದೆ. ಆಯುಧಪೂಜೆಯಲ್ಲಿ ಇಟ್ಟ ಕುಂಕುಮ ಸಿಪಿಯು ನೆತ್ತಿಯಿಂದ ಇನ್ನೂ ಉದುರಿಲ್ಲ. ಉತ್ಸವದ ಚಂದಾ ಲೆಕ್ಕ, ಆಹ್ವಾನಪತ್ರಿಕೆ, ಊರವರ ಪಹಣಿ ಎಲ್ಲವೂ ಅದರಲ್ಲೇ. ಅವರ ಅಣ್ಣನ ಮಗಳು ಪೀಣ್ಯದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುತ್ತಾಳೆ, ಶನಿವಾರ ಊರಿಗೆ ಬರುತ್ತಾಳೆ. ಆಂಟಿವೈರಸ್ ಅವಧಿ ಮುಗಿಯಿತೆಂದು ಪರದೆಯ ಮೂಲೆಯಲ್ಲಿ ಕೆಂಪು ಪಟ್ಟಿಯೊಂದು ಕಾಣಿಸಿಕೊಂಡದ್ದೇ ತಡ, ಮನೆಯಲ್ಲಿ ವಾದ ಶುರುವಾಯಿತು. ಇವರು ನವೀಕರಿಸಬೇಕು ಅಂತ, ಅವಳು ಕಿತ್ತುಹಾಕಿ ಅಂತ. ನಾನು ಕಾಫಿಗೆ ಹೋದವನು ಎರಡೂ ಕಡೆ ಕೇಳಿಸಿಕೊಂಡು ಬಂದೆ. ನನ್ನ ಒಲವು ಹುಡುಗಿಯ ಕಡೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮೇಷ್ಟ್ರ ಕೊನೆಯ ಮಾತಿಗೆ ಅವಳ ಬಳಿ ಉತ್ತರವಿರಲಿಲ್ಲ.

ಪರ: ಬೇಕು ಅನ್ನುವ ಮೇಷ್ಟ್ರು

ಸಂಕ್ರಾಂತಿಗೆ ನಮ್ಮ ಗಂಗಾಧರೇಶ್ವರನ ಕಲ್ಯಾಣೋತ್ಸವ. ಮೂರು ವರ್ಷದ ಹಿಂದೆ, ಅದರ ಹಿಂದಿನ ವಾರ, ಆಹ್ವಾನಪತ್ರಿಕೆಯನ್ನು ಪೇಟೆಯ ಅಂಗಡಿಯೊಂದರಲ್ಲಿ ಪ್ರಿಂಟ್ ಹಾಕಿಸಿ ಪೆನ್‌ಡ್ರೈವ್ ವಾಪಸ್ ತಂದೆ. ಮನೆಯಲ್ಲಿ ಸಿಕ್ಕಿಸಿದರೆ 'ಚಂದಾ' ಅನ್ನುವ ಫೋಲ್ಡರಿನ ಎಡಮೂಲೆಯಲ್ಲಿ ಸಣ್ಣದೊಂದು ಬಾಗಿದ ಬಾಣ. ಪಕ್ಕದ್ದಕ್ಕೂ ಬಾಣ, ಅದರ ಪಕ್ಕದ್ದಕ್ಕೂ. ಒತ್ತಿದೆ. ಕಪ್ಪು ಕಿಟಕಿಯೊಂದು ಮಿಂಚಿ ಮಾಯವಾಯಿತು, ಫೋಲ್ಡರ್ ತೆರೆದುಕೊಂಡಿತು, ಲೆಕ್ಕವೆಲ್ಲ ಒಳಗೇ ಇತ್ತು. ಅನುಮಾನಪಡಲು ಏನಿದೆ? ಅದರ ಮಸಲತ್ತೇ ಅದು. ಅಸಲಿ ಫೋಲ್ಡರನ್ನು ಬಚ್ಚಿಟ್ಟು ಅದೇ ಹೆಸರಿನ ಶಾರ್ಟ್‌ಕಟ್ ಮುಂದಿಡುತ್ತದೆ. ನಾವು ಒತ್ತಿದರೆ ಮೊದಲು ತನ್ನ ಕೆಲಸ ಮುಗಿಸಿಕೊಂಡು ಆಮೇಲೆ ನಮ್ಮ ಫೋಲ್ಡರ್ ತೋರಿಸುತ್ತದೆ. ಅಷ್ಟರಲ್ಲಿ ನನ್ನ ಕಂಪ್ಯೂಟರಿನಿಂದ ಶಾಲೆಗೆ, ಸಂಘಕ್ಕೆ, ಇಬ್ಬರು ಹುಡುಗರ ಪ್ರಾಜೆಕ್ಟಿಗೆ ಹೋದ ಪೆನ್‌ಡ್ರೈವ್‌ಗಳಿಗೆಲ್ಲ ಬಾಣ ಹತ್ತಿತ್ತು. ಊರಿಗೇ ಸೋಂಕು ಹಂಚಿದವನು ನಾನು. ವಿಂಡೋಸ್ ಜೊತೆ ಬಿಟ್ಟಿಯಾಗಿ ಬರುವ ಡಿಫೆಂಡರ್ ಆಗ ಏನು ಮಾಡುತ್ತಿತ್ತು? ಮಲಗಿತ್ತು!

ಬಿಟ್ಟಿ ಸಿಗುವುದರ ಮೇಲೆ ನನಗೆ ದ್ವೇಷವಿಲ್ಲ. ಆದರೆ ಅದು ಇಂಟರ್‌ನೆಟ್ಟಿನ ಆಚೆ ಇರುವ ದೊಡ್ಡ ಯಂತ್ರಗಳನ್ನು ಕೇಳಿ ತೀರ್ಮಾನಿಸುವುದು ಹೆಚ್ಚು ಅಂತ ಮಗಳೇ ಹೇಳುತ್ತಾಳೆ. ಬೆಟ್ಟದ ಮರೆಯಲ್ಲಿ ಮಳೆ ಬಂದರೆ ನೆಟ್ ಇರುವುದಿಲ್ಲ. ಪೆನ್‌ಡ್ರೈವ್‌ಗೆ ನೆಟ್ ಬೇಕಿಲ್ಲ.

ಇದು ನಮ್ಮ ಕಡೆಯ ಕಾಯಿಲೆ, ಇದರ ಮದ್ದು ಅರೆದವರೂ ನಮ್ಮ ಕಡೆಯವರೇ. ಪುಣೆಯ ಕೈಲಾಶ್ ಕಾಟ್ಕರ್ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡಿಕೊಂಡಿದ್ದವರು. ಆಮೇಲೆ ಕಂಪ್ಯೂಟರ್ ರಿಪೇರಿಗೆ ಇಳಿದರು. ಬರುವ ಕಂಪ್ಯೂಟರುಗಳಿಗೆ ವೈರಸ್ ಹತ್ತಿರುತ್ತಿದ್ದರಿಂದ ತಮ್ಮ ಸಂಜಯ್ ಅದಕ್ಕೊಂದು ಪರಿಹಾರ ಬರೆದರು. ಕ್ವಿಕ್ ಹೀಲ್ ಹುಟ್ಟಿದ್ದು ಹಾಗೆ, 1990ರ ದಶಕದಲ್ಲಿ, ರಿಪೇರಿ ಮೇಜಿನ ಮೇಲೆ. ಚೆನ್ನೈಯಲ್ಲಿ 1991ರಿಂದ ಕೆ7 ಇದೆ. ಕೇಂದ್ರ ಸರ್ಕಾರ 2017ರಲ್ಲಿ ಸೈಬರ್ ಸ್ವಚ್ಛತಾ ಕೇಂದ್ರ ತೆರೆದಾಗ ಜನರಿಗೆ ಉಚಿತವಾಗಿ ಕೊಡುವ ಶುದ್ಧೀಕರಣದ ಸಲಕರಣೆಗಳಿಗೆ ಕೈಜೋಡಿಸಿದ್ದೂ ಇಂಥ ಕಂಪನಿಗಳೇ.

ಇನ್ನು ದುಡ್ಡಿನ ಮಾತು. ವರ್ಷಕ್ಕೆ ಕೆಲವು ನೂರು ರೂಪಾಯಿ. ಕೊಟ್ಟವನಿಗೆ ಫೋನ್ ಮಾಡಿ 'ಏನ್ರೀ ಇದು?' ಅಂತ ಕೇಳುವ ಹಕ್ಕು ಬರುತ್ತದೆ. ಮೈಕ್ರೋಸಾಫ್ಟ್‌ನವರಿಗೆ ಶಿವಗಂಗೆಯಿಂದ ನಾನು ಯಾವ ನಂಬರಿಗೆ ಫೋನ್ ಮಾಡಲಿ?

ವಿರೋಧ: ಬೇಡ ಅನ್ನುವ ಮಗಳು

ಚಿಕ್ಕಪ್ಪ, ಡಿಫೆಂಡರ್ ಮಲಗಿರಲಿಲ್ಲ. ಅದರ ಕೈಕಾಲು ಕಟ್ಟಿಹಾಕಿದ್ದರು.

ಆ ಕಂಪ್ಯೂಟರನ್ನು ನೀವು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸಿದ್ದು. ಜೋಡಿಸಿಕೊಟ್ಟ ಹುಡುಗ ವಿಂಡೋಸನ್ನು 'ಹಂಗೇ' ಹಾಕಿಕೊಟ್ಟ, ಅಂದರೆ ಕ್ರ್ಯಾಕ್ ಮಾಡಿದ್ದು. ಕ್ರ್ಯಾಕ್ ಮಾಡುವ ಪುಟ್ಟ ಪ್ರೋಗ್ರಾಮನ್ನು ಕಂಡರೆ ಡಿಫೆಂಡರ್ ಹಿಡಿದುಹಾಕುತ್ತೆ. ಅದಕ್ಕೇ ಮೊದಲು ಡಿಫೆಂಡರ್ ಆರಿಸಿ ಆಮೇಲೆ ಅದನ್ನು ಓಡಿಸಿದ್ದ. ಆರು ವರ್ಷ ಯಾರೂ ಮತ್ತೆ ಹೊತ್ತಿಸಲಿಲ್ಲ. ನಿಮ್ಮ ಫೋಲ್ಡರುಗಳನ್ನು ಹುಡುಕಿ ಕೊಟ್ಟದ್ದು ನಾನೇ ತಾನೇ? ಕಪ್ಪು ಕಿಟಕಿಯಲ್ಲಿ ಒಂದು ಸಾಲು ಆಜ್ಞೆ ಕೊಟ್ಟ ತಕ್ಷಣ ಅಡಗಿದ್ದ 'ಚಂದಾ' ಹೊರಗೆ ಬಂತು. ಅವತ್ತೇ ಸೆಟ್ಟಿಂಗ್ಸ್ ತೆರೆದು ನೋಡಿದ್ದೆ. ನೀವು ಆಮೇಲೆ ದುಡ್ಡು ಕೊಟ್ಟದ್ದು, ಮನೆಯ ನಾಯಿಯನ್ನು ಕಟ್ಟಿಹಾಕಿ ಹೊರಗಿನಿಂದ ಕಾವಲುಗಾರನನ್ನು ಕರೆಸಿದ ಹಾಗೆ.

ಈಗ ಅಸಲಿ ವಿಂಡೋಸ್ 10 ಇದೆ. ಡಿಫೆಂಡರ್ ಅಂದರೆ ಹಳೇ ಕಾಲದ ಗೊಂಬೆ ಅಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ಅದು ಪೂರ್ತಿ ಆಂಟಿವೈರಸ್. ಜರ್ಮನಿಯ ಎವಿ-ಟೆಸ್ಟ್ ನಡೆಸುವ ಪರೀಕ್ಷೆಗಳಲ್ಲಿ ದುಡ್ಡಿನವುಗಳ ಸಮಕ್ಕೆ ನಿಲ್ಲುತ್ತಾ ಬಂದಿದೆ. ನೆಟ್ ಇಲ್ಲದಾಗ ಅದರ ಬಲ ತಗ್ಗುತ್ತೆ ಅನ್ನೋದು ನಿಜ, ಆ ಮಾತು ನಿಮ್ಮದೇ ಇರಲಿ. ಆದರೆ ಬೇರೆ ಆಂಟಿವೈರಸ್ ಹಾಕಿದ ಕೂಡಲೇ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತೆ. ನೀವು ಎರಡನೇ ಕಾವಲು ಸೇರಿಸುತ್ತಿಲ್ಲ, ಮೊದಲನೆಯದನ್ನು ಬದಲಾಯಿಸುತ್ತಿದ್ದೀರಿ.

ಆ ಬದಲಿಯವನು ಮನೆಯ ಯಾವ ಕೋಣೆಗೆ ಬರುತ್ತಾನೆ ಗೊತ್ತಾ? ಎಲ್ಲಕ್ಕೂ. ಆಂಟಿವೈರಸ್ ಕೆಲಸ ಮಾಡುವುದು ಕಂಪ್ಯೂಟರಿನ ತೀರಾ ಒಳಗೆ. 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಸ್ವಂತ ಕಡತವನ್ನೇ ವೈರಸ್ ಅಂದುಕೊಂಡು ಎತ್ತಿಹಾಕಿತು. ಲೋಕದ ಎಷ್ಟೋ ಕಚೇರಿಗಳ ಕಂಪ್ಯೂಟರ್ ನಿಂತವು. 2024ರ ಜುಲೈ 19 ನಿಮಗೇ ನೆನಪಿದೆ. ಕ್ರೌಡ್‌ಸ್ಟ್ರೈಕ್‌ನ ಒಂದು ಅಪ್‌ಡೇಟಿಗೆ ಸುಮಾರು 85 ಲಕ್ಷ ಕಂಪ್ಯೂಟರ್ ಪರದೆ ನೀಲಿಯಾಗಿ ನಿಂತುಹೋದವು, ನಮ್ಮದೇ ಜಿಲ್ಲೆಯ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಜನ ಸಾಲುಗಟ್ಟಿದರು. ಅದು ದೊಡ್ಡ ಕಂಪನಿಗಳಿಗೆ ಮಾರುವ ಸರಕು, ಮನೆಗೆ ಬರುವಂಥದ್ದಲ್ಲ, ಒಪ್ಪಿದೆ. ಹಾಗಾದರೆ ಮನೆಗೆ ಬರುವ ಅವಾಸ್ಟ್ ನೋಡಿ. ಜನ ಯಾವ ಜಾಲತಾಣಕ್ಕೆ ಹೋಗುತ್ತಾರೆ ಅನ್ನುವ ಮಾಹಿತಿಯನ್ನು ತನ್ನ ಅಂಗಸಂಸ್ಥೆಯ ಮೂಲಕ ಮಾರುತ್ತಿದ್ದದ್ದು 2020ರಲ್ಲಿ ಬಯಲಾಯಿತು. 2024ರಲ್ಲಿ ಅಮೆರಿಕದ ವ್ಯಾಪಾರ ಆಯೋಗ ಅದಕ್ಕೆ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿತು.

ನಿಮಗೆ ನಾಟುವ ಮಾತು ಬೇರೆಯೇ ಇದೆ. ಹೋದ ಉಗಾದಿಗೆ ಮುಂಚೆ, ಆಗಿದ್ದ ಆಂಟಿವೈರಸ್ಸು ನಿಮ್ಮ ನುಡಿ ತಂತ್ರಾಂಶವನ್ನೇ ಕಳ್ಳ ಅಂತ ಹಿಡಿದು ಕೂಡಿಹಾಕಿತ್ತು. ಅಕ್ಷರವೆಲ್ಲ ಚೌಕ ಚೌಕ. ನೀವು ಗಾಬರಿಯಾಗಿ 'ಅಲೋ' ಒತ್ತಿದಿರಿ, ಸರಿಹೋಯಿತು. ಅವತ್ತಿನಿಂದ ಏನೇ ಎಚ್ಚರಿಕೆ ಬರಲಿ, ನೀವು ಓದದೆ 'ಅಲೋ' ಒತ್ತುತ್ತೀರಿ. ಸುಮ್ಮಸುಮ್ಮನೆ ಬೊಗಳುವ ನಾಯಿ ಮನೆಯವರನ್ನೇ ಕಿವುಡರನ್ನಾಗಿ ಮಾಡುತ್ತೆ. ವಾರಕ್ಕೊಮ್ಮೆ ಸ್ಕ್ಯಾನ್ ಮಾಡಿ ಹಸಿರು ಟಿಕ್ ನೋಡಿ ಖುಷಿಪಡುತ್ತೀರಲ್ಲ, ಅದು ನಮ್ಮ ಒಳಕಲ್ಲು ತೀರ್ಥದ ಸಮಾಧಾನ: ಬೆರಳಿಗೆ ನೀರು ತಾಗಿತು, ಪುಣ್ಯವಂತ ಅಂತ ಕೈ ಒರೆಸಿಕೊಂಡು ಬರುವುದು. ಒಳಗೆ ನೀರು ಎಷ್ಟಿದೆ ಅಂತ ಯಾರು ಬಗ್ಗಿ ನೋಡಿದ್ದಾರೆ?

ಇವತ್ತಿನ ಕಳ್ಳರು ಬೆಟ್ಟದ ಕೋತಿಗಳ ಥರ, ಚಿಕ್ಕಪ್ಪ. ಬಾಗಿಲು ಮುರಿಯಲ್ಲ, ಕೈಯಲ್ಲಿರುವ ಕವರ್ ಕಿತ್ತುಕೊಳ್ಳುತ್ತವೆ. ಮದುವೆ ಕಾಗದ ಅಂತ ವಾಟ್ಸಾಪಿಗೆ ಬರುವ ಎಪಿಕೆ ಕಡತ, ಕೆವೈಸಿ ಮುಗಿಯಿತು ಅಂತ ಬರುವ ಫೋನು. ಒಟಿಪಿಯನ್ನು ನೀವೇ ಬಾಯಿಬಿಟ್ಟು ಹೇಳಿದರೆ ಯಾವ ಆಂಟಿವೈರಸ್ ನಿಮ್ಮ ಬಾಯಿ ಮುಚ್ಚುತ್ತೆ? ಆಗ ಬೇಕಾದ್ದು ಸೈಬರ್ ವಂಚನೆಯ ದೂರು ಕೊಡುವ 1930 ಅನ್ನುವ ನಂಬರು, ಅದೂ ತಡಮಾಡದೆ. ಇನ್ನು ಬಾಗಿಲು ಮುರಿದೇ ನುಗ್ಗುವವರ ಮಾತು. ಕಡತಗಳನ್ನು ಒತ್ತೆಯಿಟ್ಟುಕೊಂಡು ದುಡ್ಡು ಕೇಳುವ ವನ್ನಾಕ್ರೈ ಅನ್ನುವ ರಾನ್ಸಮ್‌ವೇರ್ 2017ರಲ್ಲಿ ಲೋಕವನ್ನೆಲ್ಲ ಅಳಿಸಿದ್ದು ಮೇ 12ರಿಂದ. ಅದು ನುಗ್ಗಿದ ತೂತಿಗೆ ತೇಪೆಯನ್ನು ಮೈಕ್ರೋಸಾಫ್ಟ್ ಮಾರ್ಚಿನಲ್ಲೇ ಕೊಟ್ಟಿತ್ತು. ಅಪ್‌ಡೇಟ್ ಹಾಕಿಕೊಂಡವರ ಹತ್ತಿರ ಅದು ಆ ದಾರಿಯಲ್ಲಿ ಬರಲಾಗಲಿಲ್ಲ.

ಹಾಗಾಗಿ ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಒಂದು ಹೊರಗಿನ ಹಾರ್ಡ್‌ಡಿಸ್ಕ್ ತನ್ನಿ. ಲೆಕ್ಕ, ಫೋಟೋ ಅದಕ್ಕೆ ನಕಲು ಮಾಡಿ, ವೈರ್ ಕಿತ್ತು ಬೀರುವಿನಲ್ಲಿಡಿ. ಕಿತ್ತಿಟ್ಟದ್ದನ್ನು ಯಾವ ರಾನ್ಸಮ್‌ವೇರೂ ಮುಟ್ಟಲಾರದು. ಡಿಫೆಂಡರ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್ ಅಂತ ಒಂದು ಸ್ವಿಚ್ ಇದೆ, ಹುಟ್ಟಾ ಆಫ್ ಆಗಿರುತ್ತೆ. ಅದನ್ನು ಆನ್ ಮಾಡಿಕೊಡುತ್ತೇನೆ. ಗೊತ್ತಿಲ್ಲದ ಪ್ರೋಗ್ರಾಮು ನಿಮ್ಮ ಫೋಲ್ಡರಿಗೆ ಕೈ ಹಾಕಲು ಬಂದರೆ ತಡೆಯುತ್ತೆ. ಬೇರೆ ಆಂಟಿವೈರಸ್ ಇದ್ದರೆ ಆ ಸ್ವಿಚ್ಚು ಕೆಲಸಕ್ಕೆ ಬರಲ್ಲ.

ಮೇಷ್ಟ್ರ ಮರುಮಾತು

ಅಸಲಿ ವಿಂಡೋಸ್ 10 ಅಂದೆಯಲ್ಲ, ಅದಕ್ಕೇ 2025ರ ಅಕ್ಟೋಬರ್ 14ಕ್ಕೆ ಸಾಮಾನ್ಯ ಬೆಂಬಲ ಮುಗಿಯಿತು. 11 ಹಾಕಲು ಈ ಯಂತ್ರದ ಪ್ರೊಸೆಸರ್ ಹಳೆಯದಾಯಿತಂತೆ. ನೀನು ಅದೇನೋ ಖಾತೆ ಮಾಡಿ ಇನ್ನೊಂದು ವರ್ಷ ತೇಪೆ ಬರುವ ಹಾಗೆ ನೋಡಿಕೊಂಡೆ. ಆಮೇಲೆ ಲಿನಕ್ಸ್ ಹಾಕೋಣ ಅಂತೀಯ. ಅದರಲ್ಲಿ ನನ್ನ ನುಡಿ ಓಡುತ್ತದೆಯೇ ಅಂದರೆ ನಗುತ್ತೀಯ.

ಕ್ರ್ಯಾಕ್ ಅಂತ ಕಂಡುಹಿಡಿದವಳು ನೀನು, ಸ್ವಿಚ್ ಹುಡುಕಿದವಳು ನೀನು, ಖಾತೆ ಮಾಡಿದವಳು ನೀನು. ಬಿಟ್ಟಿ ಡಿಫೆಂಡರ್ ನಡೆಯುತ್ತಿರುವುದು ಶನಿವಾರಕ್ಕೊಮ್ಮೆ ನೀನು ಬರುವುದರಿಂದ ಕಣಮ್ಮ. ಸೋಮವಾರದಿಂದ ಶುಕ್ರವಾರದ ತನಕ ನನ್ನ ಜೊತೆ ಯಾರಿರುತ್ತಾರೆ? ಇದೇ ಬೀದಿಯಲ್ಲಿ ಇನ್ನೂ ನಾಲ್ಕು ಮನೆಯಲ್ಲಿ ಕಂಪ್ಯೂಟರ್ ಇದೆ. ಅಲ್ಲಿಗೆ ಯಾವ ಮಗಳೂ ಬರುವುದಿಲ್ಲ. ಅವರಿಗೆ ಏನು ಹೇಳ್ತೀಯ?

ಅವಳು ಏನೂ ಹೇಳಲಿಲ್ಲ. ಕಾಫಿ ಲೋಟ ಎತ್ತಿಕೊಂಡು ಒಳಗೆ ಹೋದಳು.

ಸೋಮವಾರ ಬೆಳಗಿನ ಬಸ್ಸಿಗೆ ಅವಳು ಹೊರಟ ಮೇಲೆ ಮೇಷ್ಟ್ರು ಒಂದು ವರ್ಷದ ಕೀ ತಂದು ಹಾಕಿಬಿಟ್ಟರು. ಅವಳು ಆನ್ ಮಾಡಿ ಹೋಗಿದ್ದ ಸ್ವಿಚ್ಚು ಆಫ್ ಆಯಿತು. ಹಾರ್ಡ್‌ಡಿಸ್ಕ್ ಮಾತ್ರ ಮರುವಾರವೇ ಬಂತು. ಅದು ಈಗ ದೇವರ ಮನೆಯ ಬೀರುವಿನಲ್ಲಿ, ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿದೆ. ಅಮಾವಾಸ್ಯೆಗೊಮ್ಮೆ ಹೊರಗೆ ಬಂದು, ಲೆಕ್ಕ ನಕಲು ಮಾಡಿಸಿಕೊಂಡು, ಮತ್ತೆ ಒಳಗೆ ಹೋಗುತ್ತದೆ.