ಆತಕೂರಿನ ಹಂದಿ, ಸೇಡಂ ಸೀಮೆಯ ಸಿಡಿಮದ್ದು

ಕೆಲವು ತಿಂಗಳ ಹಿಂದೆ ಒಂದು ವಿಚಾರಸಂಕಿರಣದ ಬಿಡುವಿನಲ್ಲಿ ಸೇಡಂ ಕಡೆಯ ಯುವ ಸಂಶೋಧಕರೊಬ್ಬರು ನನ್ನೊಡನೆ ವಾದಕ್ಕೆ ನಿಂತರು. ತೊಗರಿ ಹೊಲಗಳ ಅಂಚಿನಲ್ಲಿ ರಾತ್ರಿ ಕಾಡುಹಂದಿಯನ್ನು ಹೊಡೆದು, ಬೆಳಗಾಗುವುದರೊಳಗೆ ಬೇಯಿಸಿ ಹಂಚಿಕೊಂಡು ಉಣ್ಣುವ ರೂಢಿಯನ್ನು ಅವರು 'ಬೇಟೆಯ ಸಂಸ್ಕೃತಿ' ಎಂದು ಕರೆದರು. "ಆತಕೂರಿನ ಶಾಸನವಿದೆ, ಮಾನಸೋಲ್ಲಾಸವಿದೆ. ಇನ್ನೇನು ಬೇಕು ಸರ್? ನೀವು ಜೈನರು, ನಿಮಗೆ ಹಿಡಿಸುವುದಿಲ್ಲ ಅಷ್ಟೆ" ಎಂದರು. ಕೊನೆಯ ಮಾತು ನಿಜ, ನನಗೆ ಹಿಡಿಸುವುದಿಲ್ಲ. ಆದರೆ ಮೊದಲೆರಡು ಮಾತುಗಳಿಗೂ ನನ್ನ ಹಿಡಿಸುವಿಕೆಗೂ ಸಂಬಂಧವಿಲ್ಲ. ಅವು ಆಕರಗಳನ್ನು ಓದುವ ಪ್ರಶ್ನೆಗಳು. ಅರ್ಧ ಓದಿದ ಸಾಕ್ಷಿಯನ್ನು ಕಟಕಟೆಗೆ ತರುವುದು ಸಂಶೋಧನೆಯ ಶಿಸ್ತಲ್ಲ.

ಆತಕೂರಿನ ಕಲ್ಲಿನಿಂದಲೇ ತೊಡಗೋಣ. ಇದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಶಕವರ್ಷ 872ರದು. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸೇಡಂ ಸೀಮೆಯವರು ಇದನ್ನು ತಮ್ಮದೆನ್ನಲು ಒಂದು ಕಾರಣವಂತೂ ಇದೆ. ಕಲ್ಲು ಹೆಸರಿಸುವ ಚಕ್ರವರ್ತಿ ಕನ್ನರದೇವ, ಅಂದರೆ ಮೂರನೆಯ ಕೃಷ್ಣ. ಅವನ ರಾಜಧಾನಿ ಮಾನ್ಯಖೇಟವೇ ಇಂದು ಸೇಡಂ ತಾಲ್ಲೂಕಿನಲ್ಲಿ, ಕಾಗಿಣಾ ನದಿಯ ದಡದಲ್ಲಿರುವ ಮಳಖೇಡ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಬೂತುಗನು ತನ್ನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಮಣಲೇರನು ಊರನ್ನೂ ಹೊನ್ನನ್ನೂ ಬಿಟ್ಟು ಕಾಳಿಯೆಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿಯನ್ನು ಒಂದು ಹೇರಂದಿಯ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ಕಲ್ಲನ್ನು ನಿಲ್ಲಿಸಿದ್ದು ಅದರ ನೆನಪಿಗೆ.

ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಶಾಸನ ನಿಲ್ಲುವುದಿಲ್ಲ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ನಾಯಿ ಗೈದ ಪಾಪ ಅವನಿಗೆ ತಟ್ಟುವುದೆಂದು ಅದು ವಿಧಿಸುತ್ತದೆ. ಶಾಪಾಶಯದ ವಾಕ್ಯ ಶಾಸನಗಳಲ್ಲಿ ಮಾಮೂಲು ಎಂದು ಇದನ್ನು ದಾಟಿಬಿಡಬಹುದು. ಆದರೆ ಇಲ್ಲಿರುವುದು ಕವಿಲೆಯನ್ನು ಕೊಂದ ಪಾಪವಲ್ಲ, ವಾರಣಾಸಿಯನ್ನು ಅಳಿದ ಪಾಪವಲ್ಲ, ನಾಯಿಯ ಪಾಪ. ಹಂದಿಯನ್ನು ಕೊಂದ ನಾಯಿಯನ್ನು ವೀರನಂತೆ ಗೌರವಿಸುತ್ತಿರುವ ಕಲ್ಲೇ ಅದರ ಕೃತ್ಯಕ್ಕೆ ಪಾಪವೆಂಬ ಹೆಸರನ್ನೂ ಇಡುತ್ತಿದೆ. ಮೇಲಿನ ಶಿಲ್ಪವನ್ನು ನೋಡಿ: ನಾಯಿಗೆ ಇರುವಷ್ಟೇ ಜಾಗ ಹಂದಿಗೂ ಇದೆ. ಬೇಟೆಯ ಹೆಮ್ಮೆ, ಅದರ ಅಳುಕು ಎರಡನ್ನೂ ಹತ್ತನೆಯ ಶತಮಾನದ ಮನಸ್ಸು ಒಂದೇ ಕಲ್ಲಿನಲ್ಲಿ ಇರಿಸಿತು. ಮೊದಲನೆಯದನ್ನು ಮಾತ್ರ ಎತ್ತಿಕೊಂಡು ಬರುವವರು ಶಾಸನವನ್ನು ಓದಿಲ್ಲ, ಅದರ ಫೋಟೊ ನೋಡಿದ್ದಾರೆ.

ಮಾನಸೋಲ್ಲಾಸದ ಮಾತು ಬೇರೆ. ಚಿಂಚೋಳಿಯ ನೆರೆಯ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು 1129ರ ಹೊತ್ತಿಗೆ ರಚಿಸಿದ ಈ ಸಂಸ್ಕೃತ ಗ್ರಂಥದಲ್ಲಿ ಅಳುಕಿಲ್ಲ. ಅದರ ಅನ್ನಭೋಗ ಪ್ರಕರಣ ಹಂದಿಯ ಅಡುಗೆಯನ್ನು ಬಾಣಸಿಗನ ನಿಖರತೆಯಿಂದ ಹೇಳುತ್ತದೆ. ಮೈಗೆ ಬಿಳಿ ಬಟ್ಟೆ ಹೊದಿಸಿ, ಕುದಿನೀರು ಸುರಿದು, ಕೂದಲನ್ನು ಕೈಯಿಂದ ಕೀಳುವುದು ಒಂದು ಕ್ರಮ. ಮಣ್ಣು ಮೆತ್ತಿ ಹುಲ್ಲಿನ ಬೆಂಕಿಯಲ್ಲಿ ಸುಡುವುದು ಇನ್ನೊಂದು. ಸುಟ್ಟ ತುಂಡುಗಳಿಗೆ ಶುಂಠಕವೆಂದೂ ತಾಳೆಗರಿಯಂತೆ ತೆಳುವಾಗಿ ಹೆರೆದವಕ್ಕೆ ಚಕ್ಕಲಿಕೆಯೆಂದೂ ಹೆಸರು. ಹುಲ್ಲುಬೆಂಕಿಯ ಕ್ರಮ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಆಹಾರದ ಚರಿತ್ರೆ ಬರೆಯುವವರಿಗೆ ಇದು ಚಿನ್ನದಂಥ ಆಕರ. ನಾನು ಮಾಂಸ ತಿನ್ನುವುದಿಲ್ಲವೆಂಬ ಕಾರಣಕ್ಕೆ ಈ ಪುಟಗಳನ್ನು ಹಾರಿಸಿ ಓದಬೇಕಿಲ್ಲ.

ಆದರೆ ಈ ಗ್ರಂಥ ಯಾರದು? ಅರಸನ ವಿನೋದಗಳ ಕೈಪಿಡಿ ಅದು. ಅದರಲ್ಲಿ ಬೇಟೆ ಒಂದು ವಿನೋದ. ಹೊಂಚುಹಾಕುವುದು, ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು ಕಾಡಿನ ಮೃಗವನ್ನು ವಂಚಿಸುವುದು ಎಲ್ಲವೂ ಅಲ್ಲಿವೆ. ರಾಜಬೇಟೆ ಶುದ್ಧ ಶೌರ್ಯವಾಗಿತ್ತೆಂದು ಭ್ರಮಿಸುವವರು ಅದನ್ನು ಮೊದಲು ಓದಬೇಕು. ಹೊಲದಂಚಿನ ಬಡ ಬೇಟೆಗಾರನಿಗೆ ಅದನ್ನು ಪರಂಪರೆಯಾಗಿ ಹಚ್ಚುವುದು ಅವನಿಗೇನೂ ಗೌರವ ತರುವುದಿಲ್ಲ. ಅವನ ಪರಂಪರೆ ಯಾವುದೆಂದು ತಿಳಿಯಬೇಕಾದರೆ ಅವನನ್ನೇ ಕೇಳಬೇಕು.

ಇಷ್ಟಕ್ಕೂ ಇಂದು ನಡೆಯುತ್ತಿರುವುದು ಯಾವ ಅರ್ಥದಲ್ಲಿ ಬೇಟೆ? ಭಾರವಿಯ ಕಿರಾತಾರ್ಜುನೀಯದಲ್ಲಿ ಹಂದಿ ಬಿದ್ದೊಡನೆ ಏಳುವ ಜಗಳ ಬಾಣ ಯಾರದೆಂಬುದು. ಇಬ್ಬರೂ ತನ್ನದೆನ್ನುತ್ತಾರೆ. ಆತಕೂರಿನಲ್ಲಿ ಕೊಂದ ನಾಯಿಗೂ ಹೆಸರಿದೆ. ನಮ್ಮ ನಾಡಿನ ಎಲ್ಲೆಡೆ ಇಂದು ಕೇಳಿಬರುವ ಕ್ರಮಗಳನ್ನು ನೋಡಿ: ಉರುಳು, ಬೇಲಿಗೆ ಹರಿಸಿದ ಕರೆಂಟು, ಹಿಟ್ಟಿನುಂಡೆಯಲ್ಲಿ ಅಡಗಿಸಿದ ಸಿಡಿಮದ್ದು. ಇಟ್ಟವನು ಮನೆಯಲ್ಲಿ ಮಲಗಿರುತ್ತಾನೆ. ಕಚ್ಚಿದ್ದು ಹಂದಿಯೋ ಮೇಯಲು ಹೋದ ಆಕಳೋ ಬೆಳಗಾದ ಮೇಲೆ ತಿಳಿಯುತ್ತದೆ. ಆಕಳಾದರೆ ಉಂಡೆ ಯಾರದೂ ಅಲ್ಲ. 2020ರಲ್ಲಿ ಕೇರಳದಲ್ಲಿ ಬಾಯಿ ಸಿಡಿದು ನೀರಿನಲ್ಲಿ ನಿಂತೇ ಸತ್ತ ಗಬ್ಬದ ಆನೆಯ ಸುದ್ದಿ ಎಲ್ಲರೂ ಓದಿದ್ದಾರೆ. ವಾಡಿಯ ಸುಣ್ಣಗಲ್ಲಿನ ಗಣಿಗಳ ಸೀಮೆಗೆ ಸಿಡಿಮದ್ದು ಹೊಸದಲ್ಲ. ಆದರೆ ಗಣಿಯಲ್ಲಿ ಸಿಡಿಸುವ ಮುನ್ನ ಸೈರನ್ ಊದುತ್ತಾರೆ. ಜೈನರು ರಾತ್ರಿಭೋಜನವನ್ನು ಬಿಟ್ಟದ್ದೇಕೆಂದು ವಿದ್ಯಾರ್ಥಿಗಳು ನನ್ನನ್ನು ಆಗಾಗ ಕೇಳುತ್ತಾರೆ. ತುತ್ತಿನೊಳಗೆ ಯಾವ ಜೀವ ಹೋಗುತ್ತಿದೆಯೆಂದು ಕತ್ತಲಲ್ಲಿ ಕಾಣುವುದಿಲ್ಲ ಎಂಬುದು ಅದರ ಒಂದು ಕಾರಣ. ಸಿಡಿಮದ್ದಿನ ತುತ್ತಿಗೂ ಕಣ್ಣಿಲ್ಲ.

ಒಕ್ಕಲಿಗರ ಮಾತನ್ನು ಮರೆತು ಬರೆದರೆ ಈ ಲೇಖನ ಅರೆಬೆಂದದ್ದಾಗುತ್ತದೆ. ಒಂದು ರಾತ್ರಿಯಲ್ಲಿ ಹಂದಿಗಳ ಹಿಂಡು ಶೇಂಗಾ ಹೊಲವನ್ನು ಉತ್ತಂತೆ ಮಾಡಿ ಹೋಗುತ್ತದೆ. 2011ರಲ್ಲಿ ವನ್ಯಜೀವಿಧಾಮವಾದ ಚಿಂಚೋಳಿಯ ಕಾಡಿನ ಅಂಚಿನಲ್ಲಿ ಉಳುವವನಿಗೆ ಅಹಿಂಸೆಯ ಉಪನ್ಯಾಸ ಕೊಡುವುದು ಸುಲಭ. ನಮ್ಮ ಶ್ರಾವಕಾಚಾರ ಅಂಥ ಉಪನ್ಯಾಸ ಕೊಡುವುದಿಲ್ಲ. ಹಿಂಸೆಯನ್ನು ಅದು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುತ್ತದೆ. ಉಳುಮೆಯಲ್ಲಾಗುವುದು ಉದ್ಯೋಗೀ, ಮೇಲೆ ಬಿದ್ದುದನ್ನು ತಡೆಯುವಾಗ ಆಗುವುದು ವಿರೋಧೀ. ಗೃಹಸ್ಥನು ಕಡ್ಡಾಯವಾಗಿ ಬಿಡಬೇಕಾದುದು ಕೊಲ್ಲಲೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯೊಂದನ್ನೇ. 1972ರ ವನ್ಯಜೀವಿ ಕಾಯಿದೆಯೂ ಕುತೂಹಲವೆನಿಸುವಷ್ಟು ಇದೇ ದಾರಿಯಲ್ಲಿದೆ. ಉರುಳು, ವಿಷ, ಆಮಿಷಗಳನ್ನೆಲ್ಲ ಬೇಟೆಯೆಂದೇ ಎಣಿಸಿ ನಿಷೇಧಿಸುವ ಅದು, ಬೆಳೆಗೆ ಅಪಾಯವಾದಾಗ ಅಧಿಕಾರಿಯ ಲಿಖಿತ ಅನುಮತಿಗೆ ಎಡೆ ಕೊಡುತ್ತದೆ. ಆ ಅನುಮತಿ, ಬೆಳೆಹಾನಿಯ ಪರಿಹಾರ ರೈತನಿಗೆ ಸಕಾಲಕ್ಕೆ ಸಿಗಬೇಕೆಂದು ಕೇಳುವುದು ನ್ಯಾಯ. ಬೆಳೆಯ ಹೆಸರು ಹೇಳಿ ಮಾಂಸಕ್ಕಾಗಿ ಉಂಡೆ ಇಡುವುದು ಬೇರೆ. ಎರಡನ್ನೂ ಕಲಸಿ 'ಸಂಸ್ಕೃತಿ' ಎಂದರೆ ನಷ್ಟವಾಗುವುದು ನಿಜವಾಗಿ ಬೆಳೆ ಕಳೆದುಕೊಂಡವನಿಗೇ.

ಇನ್ನು ನಮ್ಮವರಿಗೊಂದು ಮಾತು. ಇದು ಅವರಿಗೆ ಹಿತವಾಗಲಾರದು. ಹಂದಿ ತಿನ್ನುವವರನ್ನು, ಹಂದಿ ಸಾಕುವವರನ್ನು ಹೊಲೆಯೆಂದು ದೂರವಿಡುವುದನ್ನೇ ಅಹಿಂಸೆಯೆಂದು ತಿಳಿದವರು ನಮ್ಮಲ್ಲಿ ಕಡಮೆಯಿಲ್ಲ. ಅವರು ಗುಣಭದ್ರರ ಉತ್ತರಪುರಾಣವನ್ನು ತೆರೆಯಲಿ. ಮಹಾವೀರರ ಪೂರ್ವಭವಗಳಲ್ಲಿ ಒಂದು ಪುರೂರವನೆಂಬ ಬೇಡನದು. ಮುನಿ ಸಾಗರಸೇನರನ್ನು ಮೃಗವೆಂದು ಬಗೆದು ಬಾಣ ಹೂಡಿದವನು ಅವನು, ತಡೆದವಳು ಅವನ ಹೆಂಡತಿ ಕಾಳಿಕೆ. ತೀರ್ಥಂಕರತ್ವದ ದಾರಿ ಆ ಗುಡಿಸಲಿನ ಮುಂದೆಯೂ ಹಾದುಹೋಗಿದೆ. ಇನ್ನೊಬ್ಬ ಬೇಡ ಖದಿರಸಾರ, ಮುಂದೆ ಶ್ರೇಣಿಕನಾಗಿ ಹುಟ್ಟಿದವನು. ಮಾಂಸವನ್ನೆಲ್ಲ ಬಿಡಲಾರೆನೆಂದಾಗ ಮುನಿ ಅವನನ್ನು ಬೈಯಲಿಲ್ಲ; ಕಾಗೆಯ ಮಾಂಸವೊಂದನ್ನು ಬಿಡು ಎಂದರು. ಬಿಟ್ಟ. ರೋಗ ಬಂದು ಕಾಗೆಮಾಂಸವೇ ಮದ್ದೆಂದಾಗಲೂ ಮುರಿಯಲಿಲ್ಲ. ನಮ್ಮ ಸಪ್ತವ್ಯಸನಗಳ ಪಟ್ಟಿಯಲ್ಲಿ ಮಾಂಸ ಬೇರೆ, ಬೇಟೆ ಬೇರೆ. ಎರಡನ್ನೂ ಒಂದೇ ಬೈಗುಳದಲ್ಲಿ ಮುಗಿಸುವ ಆತುರ ಪುರಾಣಕಾರರಿಗಿರಲಿಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ ದೊರೆತ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯದೂ ಇದೆ: ತನ್ನ ಪಂಥವನ್ನು ಹೊಗಳಲು ಪರರದನ್ನು ತೆಗಳಬಾರದು, ಮಾತಿಗೆ ಕಡಿವಾಣವಿರಬೇಕು ಎಂಬ ಶಾಸನ. ಶಹಾಬಾದಿನಿಂದ ಸನ್ನತಿ ದೂರವಲ್ಲ. ಒಮ್ಮೆ ಹೋಗಿ ಬರಬಹುದು.

ಆ ಯುವ ಸಂಶೋಧಕರಿಗೆ ನಾನು ಹೇಳಿದ್ದು ಇಷ್ಟೆ: ಆತಕೂರನ್ನು ಬಿಡಿ, ನಿಮ್ಮೂರಲ್ಲಿ ಕಳೆದ ಮಳೆಗಾಲದಿಂದ ಇಡಲಾದ ಉಂಡೆಗಳ ಲೆಕ್ಕ ಬರೆಯಿರಿ. ಎಷ್ಟು ಹಂದಿ, ಎಷ್ಟು ಆಕಳು, ಎಷ್ಟು ನಾಯಿ, ಮಾಂಸದಲ್ಲಿ ಉಂಡದ್ದೆಷ್ಟು, ಮಾರಿದ್ದೆಷ್ಟು. ಹೆಸರು ಹೇಳಲು ಯಾರು ಒಪ್ಪಿದರು, ಯಾರು ಒಪ್ಪಲಿಲ್ಲ ಎಂಬುದನ್ನೂ ಬರೆಯಿರಿ. ಬರೆದು ಕಳಿಸುತ್ತೇನೆಂದು ಹೇಳಿ ಹೋದರು. ಇನ್ನೂ ಬಂದಿಲ್ಲ.