ದಫ್ತರದ ಕೀಲಿಕೈ ಯಾರ ಕೈಯಲ್ಲಿ?

ಹುಬ್ಬಳ್ಳಿ-ಧಾರವಾಡಕ್ಕೆ ದೊಡ್ಡ ವಿದ್ಯಾಸಂಸ್ಥೆಗಳ ಕೊರತೆಯಿಲ್ಲ. 1947ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದು ವಿಶ್ವವಿದ್ಯಾಲಯವಾಗಿದೆ. 2015ರಲ್ಲಿ ಐಐಐಟಿ, 2016ರಲ್ಲಿ ಐಐಟಿ ಧಾರವಾಡಕ್ಕೆ ಬಂದವು. ಆದರೆ ಗಿರಣಿ ಕೂಲಿಕಾರನ ಮಗಳು, ಕಿರಾಣಿ ಅಂಗಡಿಕಾರನ ಮಗ ಆ ಬಾಗಿಲುಗಳನ್ನು ದಾಟುವುದು ಅಪರೂಪ. ಸಾದಾ ಪದವಿ ಮುಗಿಸಿ ಸಾಫ್ಟ್‌ವೇರ್ ಕೆಲಸ ಕಲಿಯಲು ಹೊರಟ ಈ ಮಕ್ಕಳಲ್ಲಿ ಅನೇಕರು ಎಡವುವುದು ಡೇಟಾಬೇಸ್ ಎಂಬ ಹೊಸ್ತಿಲಲ್ಲಿ. ಆ ಹೆಸರಿಗೇ ಅಂಜಿ, ತಾಯಿಯ ಬಂಗಾರ ಒತ್ತೆಯಿಟ್ಟು, ಖಾಸಗಿ ತರಗತಿಗೆ ಫೀ ಕಟ್ಟಿದ ಮನೆಗಳನ್ನು ನಾವು ಬಲ್ಲೆವು. ಈ ಅಂಜಿಕೆಗೆ ಕಾರಣವಿಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಡೇಟಾಬೇಸ್ ಎಂದರೇನು? ನಮ್ಮ ವ್ಯಾಪಾರಸ್ಥ ಬಂಧುಗಳ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ಕೀರ್ದಿ-ಖತಾವಣಿಗಳ ಒಡಹುಟ್ಟು ಅದು. ಗಿರಾಕಿಯ ಹೆಸರು, ಓಣಿ, ಖಾತೆ ನಂಬರು ಒಂದು ವಹಿಯಲ್ಲಿ. ದಿನದಿನದ ಉದ್ರಿ, ಜಮಾ ಇನ್ನೊಂದರಲ್ಲಿ. ಎರಡನ್ನೂ ಜೋಡಿಸುವುದು ಖಾತೆ ನಂಬರು. ಗಿರಾಕಿ ಮನೆ ಬದಲಿಸಿದರೆ ಒಂದೇ ಕಡೆ ತಿದ್ದಿದರೆ ಸಾಕು, ನೂರು ಸಾಲು ತಿದ್ದಬೇಕಿಲ್ಲ. ಇಂಥ ಕೋಷ್ಟಕಗಳ ಜೋಡಣೆಯನ್ನು ಶಾಸ್ತ್ರವಾಗಿ ಕಟ್ಟಿ 1970ರಲ್ಲಿ ಪ್ರಕಟಿಸಿದವರು ಐಬಿಎಂ ಕಂಪನಿಯ ಎಡ್ಗರ್ ಕಾಡ್. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ 1974ರಲ್ಲಿ ಮುಂದಿಟ್ಟ ಭಾಷೆಯೇ ಇಂದಿನ ಎಸ್‌ಕ್ಯೂಎಲ್. ಯಾವ ಅಂಕಣ ಬೇಕು, ಯಾವ ಕೋಷ್ಟಕದಿಂದ, ಯಾವ ಶರತ್ತಿನ ಮೇಲೆ? ಇದನ್ನು ಕೇಳಲು ಸಿಲೆಕ್ಟ್, ಫ್ರಮ್, ವೇರ್ ಎಂಬ ಮೂರು ಶಬ್ದ ಸಾಕು. ಆರಂಭದ ಕೆಲಸವೆಲ್ಲ ಇಂಥ ಇಪ್ಪತ್ತು ಶಬ್ದಗಳಲ್ಲಿ ನಡೆಯುತ್ತದೆ. ಇಂಗ್ಲಿಷ್ ಬಾರದೆಂದು ಯಾರೂ ಹಿಂದೆ ಸರಿಯಬೇಕಿಲ್ಲ.

ಸಾಧನಕ್ಕೂ ಹಣ ಬೇಡ. 2000ದಲ್ಲಿ ರಿಚರ್ಡ್ ಹಿಪ್ ಎಂಬುವರು ಹೊರತಂದ ಎಸ್‌ಕ್ಯೂಲೈಟ್ ಯಾರೊಬ್ಬರ ಒಡೆತನಕ್ಕೂ ಸೇರಿದ್ದಲ್ಲ. ಅದನ್ನು ಸಾರ್ವಜನಿಕ ಸ್ವತ್ತೆಂದೇ ಬಿಟ್ಟುಕೊಡಲಾಗಿದೆ. ನಮ್ಮ ನಿಮ್ಮ ಜೇಬಿನ ಮೊಬೈಲಿನೊಳಗೂ ಅದು ದುಡಿಯುತ್ತಿದೆ. ದೊಡ್ಡ ಕೆಲಸಕ್ಕೆ ಪೋಸ್ಟ್‌ಗ್ರೆಸ್ ಇದೆ, ಅದೂ ಪುಕ್ಕಟೆ. ಉತ್ಪಾದನೆಯ ಸಾಧನಗಳು ಸಮಾಜದ ಸ್ವತ್ತಾಗಬೇಕೆಂದು ಸಾರುವ ನಾವು ಈ ಸಂಗತಿಯನ್ನು ಗಮನಿಸದೆ ಇರಲಾರೆವು. ಸಾಧನ ಕೈಗೆಟಕುವಂತಿದ್ದೂ ಅದರ ವಿದ್ಯೆಯನ್ನು ಮಾರಾಟಕ್ಕಿಟ್ಟಿರುವುದು ವಿಚಿತ್ರವಲ್ಲವೆ?

ಕಲಿಯುವ ಯುವಕ ಯುವತಿಯರಿಗೆ ನಮ್ಮ ಸಲಹೆ ಇಷ್ಟೇ. ಮನೆಯ ಉದ್ರಿ ವಹಿಯಿಂದ ಆರಂಭಿಸಿರಿ. ಮೊದಲು ಕಾಗದದ ಮೇಲೆ ಎರಡು ಕೋಷ್ಟಕ ಬರೆಯಿರಿ, ಆಮೇಲೆ ಯಂತ್ರ ಮುಟ್ಟಿರಿ. ಮೂರು ತಿಂಗಳಿಂದ ಜಮಾ ಮಾಡದವರು ಯಾರೆಂದು ಅದನ್ನು ಕೇಳಿರಿ. ಬಂದ ಉತ್ತರವನ್ನು ಅಪ್ಪನ ವಹಿಯೊಡನೆ ತಾಳೆ ನೋಡಿರಿ. ತಿದ್ದುವಾಗ ಎಚ್ಚರವಿರಲಿ: ಅಪ್‌ಡೇಟ್ ಬರೆದು ವೇರ್ ಮರೆತರೆ ಒಬ್ಬನ ಬಾಕಿಯ ಬದಲು ಊರವರೆಲ್ಲರ ಬಾಕಿ ಸೊನ್ನೆಯಾದೀತು. ಆದ್ದರಿಂದ ಪ್ರತಿ ತೆಗೆದಿಡದೆ ಏನನ್ನೂ ತಿದ್ದಬಾರದು. ಗಿರಾಕಿಯ ಉದ್ರಿ ಊರಿಗೆಲ್ಲ ಸಾರುವ ಮಾತಲ್ಲವೆಂಬುದೂ ನೆನಪಿರಲಿ.

ಇದು ಕೇವಲ ನೌಕರಿಯ ಮಾತೆಂದು ಗಿರಣಿಯ ಬಂಧುಗಳು ತಿಳಿಯಬಾರದು. ರೇಶನ್ ಕಾರ್ಡು, ಭವಿಷ್ಯನಿಧಿ, ಇಎಸ್‌ಐ, ಎಲ್ಲ ಕಡೆಯೂ ಈಗ ನಾವು ಕೋಷ್ಟಕದ ಒಂದೊಂದು ಸಾಲು. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿರಿ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆಗಳನ್ನು ಅದು ಗ್ರಾಮ ಲೆಕ್ಕಿಗರ ಕೈಬರಹದ ವಹಿಗಳಿಂದ ಗಣಕಯಂತ್ರಕ್ಕೆ ತಂದಿತು. ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪಹಣಿ ಸಿಗತೊಡಗಿತು. ಲೆಕ್ಕಿಗರ ಮನೆಗೆ ಅಲೆಯುವುದು ತಪ್ಪಿತು. ಇದು ಒಳ್ಳೆಯದೇ ಆಯಿತು. ಆದರೆ ಯಂತ್ರ ತಾನಾಗಿ ನ್ಯಾಯ ಕೊಡದು. ಹಳೆಯ ವಹಿಯಲ್ಲಿದ್ದ ತಪ್ಪು ಹೊಸದರಲ್ಲೂ ತಪ್ಪಾಗಿಯೇ ಉಳಿಯುತ್ತದೆ.

ಅಂಕಣದ ಬೆಲೆ ಏನೆಂದು ಗೇಣಿದಾರರನ್ನು ಕೇಳಬೇಕು. 1974ರ ಭೂಸುಧಾರಣೆಯ ನಂತರ ಅವರು ನ್ಯಾಯಮಂಡಳಿಯ ಮುಂದೆ ನಿಂತಾಗ, ಪಹಣಿಯ ಸಾಗುವಳಿದಾರರ ಅಂಕಣದಲ್ಲಿ ಹೆಸರಿದೆಯೇ ಎಂಬುದು ಹೊಟ್ಟೆಯ ಪ್ರಶ್ನೆಯಾಗಿತ್ತು. ಯಾವ ಅಂಕಣವಿರಬೇಕು, ಯಾರ ಹೆಸರು ಬರೆಯಬೇಕು, ಯಾರು ತಿದ್ದಬಹುದು ಎಂದು ನಿರ್ಧರಿಸುವವನೇ ದಫ್ತರದ ನಿಜವಾದ ಒಡೆಯ. ಆ ನಿರ್ಧಾರದ ಕುರ್ಚಿಯಲ್ಲಿ ದುಡಿಯುವವರ ಮಕ್ಕಳೂ ಕೂಡಬೇಕು. ಹೆಸರು ಬಿಟ್ಟುಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂಬುದು ಅವರಿಗೆ ಯಾರೂ ಕಲಿಸದೆ ಗೊತ್ತು.

ಆದುದರಿಂದ ನಮ್ಮ ಬೇಡಿಕೆ ಸ್ಪಷ್ಟವಾಗಿದೆ. ಮಹಾನಗರ ಪಾಲಿಕೆ ಮತ್ತು ಸಾರ್ವಜನಿಕ ಗ್ರಂಥಾಲಯಗಳು ಪಾಳಿ ಬಿಟ್ಟ ಮೇಲೆ, ಅಂಗಡಿ ಮುಚ್ಚಿದ ಮೇಲೆ ಬರುವವರಿಗಾಗಿ ಸಂಜೆಯ ತರಗತಿಗಳನ್ನು ಕನ್ನಡದಲ್ಲಿ, ಶುಲ್ಕವಿಲ್ಲದೆ ನಡೆಸಬೇಕು. ಅವಳಿ ನಗರದ ದೊಡ್ಡ ವಿದ್ಯಾಸಂಸ್ಥೆಗಳು ಅದಕ್ಕೆ ಶಿಕ್ಷಕರನ್ನು ಕಳಿಸಬೇಕು. ಸರಕಾರ ಮಾಡುವತನಕ ನಾವು ಕೈಕಟ್ಟಿ ಕೂಡಬೇಕಿಲ್ಲ. ಕಾರ್ಮಿಕ ಸಂಘದ ಕೋಣೆಯೊಂದು, ಹಳೆಯ ಗಣಕಯಂತ್ರಗಳೆರಡು, ಕಲಿತವನೊಬ್ಬ ಇದ್ದರೆ ಶಾಲೆ ಆರಂಭವಾಯಿತೆಂದೇ ತಿಳಿಯಿರಿ. ಬಲ್ಲವರು ಮುಂದೆ ಬರಲಿ.