ಬಯಲು ಬಂಜರಲ್ಲ

ಆಫ್ರಿಕದ ಹುಲ್ಲುಗಾವಲಿನ ಈಲ್ಯಾಂಡ್ ಎಂಬ ಭಾರಿ ಹುಲ್ಲೆಯ ಚಿತ್ರವನ್ನು ಕಂಡು ನಮ್ಮ ವಿದ್ಯಾರ್ಥಿಗಳು ಬೆರಗಾಗುವುದುಂಟು. ಆದರೆ ಅದೇ ಬಳಗಕ್ಕೆ ಸೇರಿದ ಕೃಷ್ಣಮೃಗವು ಹರಿಹರದ ಹೊಳೆಯಾಚೆ, ರಾಣೆಬೆನ್ನೂರಿನ ಬಯಲಿನಲ್ಲಿ ಬಾಳುತ್ತಿದೆಯೆಂಬುದು ಎಷ್ಟು ಮಂದಿಗೆ ತಿಳಿದಿದೆ?

ಜನರು ಇದನ್ನು ಚಿಗರೆಯೆಂದೂ ಜಿಂಕೆಯೆಂದೂ ಕರೆಯುತ್ತಾರೆ. ಆದರೆ ಚುಕ್ಕೆಜಿಂಕೆಯ ಕವಲುಗೊಂಬುಗಳು ಉದುರಿ ಮತ್ತೆ ಬೆಳೆಯುತ್ತವೆ; ಕೃಷ್ಣಮೃಗದ ತಿರುಪುಗೊಂಬುಗಳಾದರೋ ಜೀವಮಾನವಿಡೀ ಉಳಿಯುತ್ತವೆ. ಪ್ರಾಯಕ್ಕೆ ಬಂದ ಗಂಡಿನ ಮೈ ಕಪ್ಪೇರುತ್ತದೆ. ಹೆಣ್ಣು ಮತ್ತು ಮರಿಗಳ ಬಣ್ಣ ಒಣಹುಲ್ಲಿನದು. ಸುಮಾರು ಆರು ತಿಂಗಳು ಗರ್ಭ ಧರಿಸಿ ತಾಯಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಮೊದಲ ದಿನಗಳಲ್ಲಿ ಆ ಮರಿಗೆ ಹುಲ್ಲೇ ತೊಟ್ಟಿಲು, ಹುಲ್ಲೇ ಮರೆ.

ನಾವು ಭೌತವಿಜ್ಞಾನದ ಪಾಠ ಹೇಳುವವರಾದುದರಿಂದ ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡೋಣ. ಕೃಷ್ಣಮೃಗವು ಗಂಟೆಗೆ ಸುಮಾರು 80 ಕಿಲೋಮೀಟರು ವೇಗದಿಂದ ಓಡಬಲ್ಲದು; ಎಂದರೆ ಸೆಕೆಂಡಿಗೆ 22 ಮೀಟರು. 40 ಕಿಲೋಗ್ರಾಂ ತೂಗುವ ಗಂಡಿನ ಚಲನಶಕ್ತಿ ಆಗ ಸುಮಾರು 10,000 ಜೂಲ್. ಅದೇ ತೂಕವನ್ನು 25 ಮೀಟರು ಮೇಲಕ್ಕೆತ್ತಲು ಅಷ್ಟು ಶಕ್ತಿ ಸಾಕು! ಎರಡು ಮೀಟರಿಗೊಂದರಂತೆ ಮರ ನೆಟ್ಟ ತೋಪಿನೊಳಗೆ ಈ ಓಟ ಸಾಧ್ಯವೆ? ಪ್ರತಿ ಸೆಕೆಂಡಿಗೆ ಹನ್ನೊಂದು ಮರಗಳು ಎದುರಾದಾವು. ದೂರದಿಂದಲೇ ವೈರಿಯನ್ನು ಕಾಣುವ ಕಣ್ಣು, ಕಂಡೊಡನೆ ಓಡುವ ಕಾಲು: ಇವೆರಡೂ ಬಯಲಿಗಾಗಿಯೇ ರೂಪುಗೊಂಡವು.

ರಾಣೆಬೆನ್ನೂರಿನಲ್ಲಿ 1974ರಲ್ಲಿ ಸುಮಾರು 119 ಚದರ ಕಿಲೋಮೀಟರು ವಿಸ್ತಾರದ ವನ್ಯಜೀವಿಧಾಮವನ್ನು ಸ್ಥಾಪಿಸಿದರು. ಬೇಟೆ ನಿಂತುದರಿಂದ ಕೃಷ್ಣಮೃಗದ ಸಂತತಿ ಉಳಿಯಿತು; ಇದು ಸಂತೋಷದ ಸಂಗತಿ. ಆದರೆ ಆ ನೆಲದ ಬಹುಭಾಗವನ್ನು ನೀಲಗಿರಿಯ ತೋಪುಗಳು ಆವರಿಸಿದವು. ತೆರೆದ ಹುಲ್ಲುಬಯಲನ್ನೇ ನಂಬಿದ್ದ ಎರೆಭೂತ ಪಕ್ಷಿಯು ಅಲ್ಲಿಂದ ಕಣ್ಮರೆಯಾಯಿತು. ಹುಲ್ಲು ಕಿರಿದಾದಂತೆ ಕೃಷ್ಣಮೃಗಗಳು ಸುತ್ತಲಿನ ಹೊಲಗಳಿಗೆ ನುಗ್ಗುತ್ತವೆ. ಬಿತ್ತಿದ ಜೋಳ ಮೊಳೆಯುತ್ತಿರುವಾಗಲೇ ಹಿಂಡು ಬಂದು ಮೇದುಹೋದರೆ ರೈತನು ಯಾರಿಗೆ ಮೊರೆಯಿಡಬೇಕು? ಅವನ ನಷ್ಟವನ್ನು ಸಕಾಲದಲ್ಲಿ ತುಂಬಿಕೊಡದೆ, ಮೃಗವನ್ನು ಪ್ರೀತಿಸೆಂದು ಅವನಿಗೆ ಉಪದೇಶಿಸುವ ಅಧಿಕಾರ ಪಟ್ಟಣಿಗರಾದ ನಮಗಿಲ್ಲ.

ಈ ತೊಡಕಿನ ಮೂಲ ಒಂದು ಮಾತಿನಲ್ಲಿದೆ. ಮರವಿಲ್ಲದ ನೆಲವನ್ನು ನಾವು 'ಬಂಜರು' ಎನ್ನುತ್ತೇವೆ. ಮಳೆ ಕಡಮೆಯಾದ ಸೀಮೆಯಲ್ಲಿ ಹುಲ್ಲು ತನ್ನ ಬೇರುಗಳಿಂದ ಮಣ್ಣನ್ನು ಹಿಡಿದಿಡುತ್ತದೆ, ಇಂಗಾಲವನ್ನು ನೆಲದೊಳಗೆ ಕೂಡಿಡುತ್ತದೆ, ಕುರಿಗಾಹಿಯ ಮಂದೆಗೂ ಮೇವು ನೀಡುತ್ತದೆ. ಇಷ್ಟು ದುಡಿಯುವ ನೆಲ ಬಂಜರಾಗುವುದೆಂತು?

ಮರ ನೆಡಬೇಡಿರೆಂದು ನಾವು ಹೇಳುತ್ತಿಲ್ಲ. 1950ರಲ್ಲಿ ಆರಂಭವಾದ ವನಮಹೋತ್ಸವವು ನಾಡಿಗೆ ಒಳ್ಳೆಯ ಪಾಠವನ್ನೇ ಕಲಿಸಿದೆ. ಊರಿನ ಬೀದಿಗೂ ಶಾಲೆಯ ಅಂಗಳಕ್ಕೂ ನೆರಳು ಬೇಕು. ಆದರೆ ಪ್ರತಿಯೊಂದು ಜೀವಿಗೂ ತನ್ನದೇ ಆದ ನೆಲೆಯುಂಟು. ನಮ್ಮ ಜಿಲ್ಲೆಯ ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ನಾಲ್ಕು ಕೊಂಬಿನ ಕೊಂಡುಕುರಿಗಾಗಿ 2011ರಲ್ಲಿ ವನ್ಯಜೀವಿಧಾಮವನ್ನು ಘೋಷಿಸಲಾಯಿತು. ಕೊಂಡುಕುರಿಯು ಪೊದೆಯಲ್ಲಿ ಅಡಗಿ ಬದುಕುವ ಒಂಟಿಜೀವಿ. ಕೃಷ್ಣಮೃಗವು ಬಯಲಿನಲ್ಲಿ ಓಡಿ ಬದುಕುವ ಹಿಂಡಿನ ಜೀವಿ. ಒಂದಕ್ಕೆ ಹಿತವಾದ ನೆಲೆ ಇನ್ನೊಂದಕ್ಕೆ ಒಗ್ಗದು.

ಆದಕಾರಣ ರಾಣೆಬೆನ್ನೂರಿನ ನೀಲಗಿರಿಯನ್ನು ಹಂತಹಂತವಾಗಿ ತೆಗೆದು ಹುಲ್ಲಿಗೆ ಎಡೆಗೊಡಬೇಕೆಂಬುದು ನಮ್ಮ ಅಭಿಪ್ರಾಯ. ವಿದ್ಯಾರ್ಥಿಮಿತ್ರರೇ, ಮುಂದಿನ ಮಳೆಗಾಲದಲ್ಲಿ ಸಸಿ ಹಿಡಿದು ಹೊರಡುವ ಮುನ್ನ ಆ ನೆಲದಲ್ಲಿ ಈಗಾಗಲೇ ಏನು ಬೆಳೆಯುತ್ತಿದೆ, ಯಾರು ಮೇಯುತ್ತಿದ್ದಾರೆ ಎಂಬುದನ್ನು ಬಗ್ಗಿ ನೋಡಿರಿ. ವಿಜ್ಞಾನದ ಮೊದಲ ಪಾಠ ಅದೇ.